ಬಿಎಂಐ 22.3, ಆದರೂ ಸಕ್ಕರೆ ಗಡಿ ದಾಟಿದೆ: ಈ ಸಂಖ್ಯೆಯನ್ನು ಎಷ್ಟು ನಂಬಬೇಕು?

ಮಲ್ಲಿಗೆಬನ
ನಮ್ಮ ಮನೆಯಲ್ಲಿ ಈ ವಾದ ಮುಗಿಯುವ ಲಕ್ಷಣ ಕಾಣುತ್ತಿಲ್ಲ, ಹಾಗಾಗಿ ತಿಳಿದವರನ್ನು ಕೇಳುತ್ತಿದ್ದೇನೆ. ನನ್ನ ಗಂಡನಿಗೆ 41 ವರ್ಷ, ಎತ್ತರ 168 ಸೆಂ.ಮೀ., ತೂಕ 63 ಕೆ.ಜಿ. ಕಂಪನಿಯವರು ಮಾಡಿಸುವ ವಾರ್ಷಿಕ ತಪಾಸಣೆಯ ವರದಿಯ ಮೊದಲ ಪುಟದಲ್ಲೇ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 22.3 ಎಂದು ಬರೆದು ಪಕ್ಕದಲ್ಲಿ ಹಸಿರು ಗುರುತು ಹಾಕಿದ್ದಾರೆ. ಅದೇ ವರದಿಯ ಮೂರನೆಯ ಪುಟದಲ್ಲಿ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ಎಚ್‌ಬಿಎ1ಸಿ 6.1, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 210. ಇವರು ಮೊದಲ ಪುಟವನ್ನು ನೋಡಿ ಫೈಲನ್ನು ಬೀರುವಿಗೆ ಸೇರಿಸಿದರು. "ನಾನು ತೆಳ್ಳಗಿದ್ದೇನೆ, ನನಗೆಲ್ಲಿಯ ಸಕ್ಕರೆ" ಎನ್ನುತ್ತಾರೆ.

ನನ್ನ ತಮ್ಮನದು ತದ್ವಿರುದ್ಧ. 172 ಸೆಂ.ಮೀ., 81 ಕೆ.ಜಿ., ಬಿಎಂಐ 27.4. ನಸುಕಿಗೇ ಎದ್ದು ಗರಡಿಗೆ ಹೋಗುವವನು. ರಕ್ತದ ಒಂದು ಅಂಕಿಯೂ ಹೆಚ್ಚುಕಡಿಮೆ ಇಲ್ಲ. ವಿಮೆಯವರು "ಸ್ಥೂಲಕಾಯ" ಎಂದು ಬರೆದು ಕಂತು ಏರಿಸಿದ್ದಾರೆ. ಇಬ್ಬರಲ್ಲಿ ಯಾರ ಲೆಕ್ಕ ಸರಿ?

ಅಡ್ಡಮಾತು
ಇಬ್ಬರದೂ ತಪ್ಪು. ಬಿಎಂಐಯನ್ನು ಕಂಡುಹಿಡಿದವನು ವೈದ್ಯನೇ ಅಲ್ಲ, ನಕ್ಷತ್ರ ನೋಡುತ್ತಿದ್ದ ಬೆಲ್ಜಿಯಂ ದೇಶದವನು. ಇನ್ನೂರು ವರ್ಷ ಹಳೆಯ ಭಾಗಾಕಾರವನ್ನು ಇಂದಿಗೂ ವರದಿಯಲ್ಲಿ ಅಚ್ಚುಹಾಕಿ ಜನರನ್ನು ಹೆದರಿಸುತ್ತಾರೆ. ಕಸದ ಬುಟ್ಟಿಗೆ ಹಾಕಿ.

ಅಂಕಿಸಂಖ್ಯೆ
ಖಗೋಳ ವಿಜ್ಞಾನಿ ಎನ್ನುವುದು ಬೈಗುಳವೇನಲ್ಲ. ಅಡಾಲ್ಫ್ ಕ್ವೆಟ್ಲೆ ಬ್ರಸೆಲ್ಸ್‌ನ ವೀಕ್ಷಣಾಲಯವನ್ನು ನೋಡಿಕೊಳ್ಳುತ್ತಿದ್ದವನು, ಅಂಕಿಅಂಶಗಳ ಹುಚ್ಚಿನವನು. "ಸರಾಸರಿ ಮನುಷ್ಯ" ಹೇಗಿರುತ್ತಾನೆ ಎಂಬುದು ಅವನ ಕುತೂಹಲ. 1835ರ ತನ್ನ ಪುಸ್ತಕದಲ್ಲಿ, ಬೆಳೆದ ಜನರ ತೂಕ ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಬರೆದ. ಯಾರು ದಪ್ಪ, ಯಾರು ರೋಗಿ ಎಂದು ತೀರ್ಪು ಕೊಡುವುದು ಅವನ ಉದ್ದೇಶವೇ ಆಗಿರಲಿಲ್ಲ.

ತೀರ್ಪಿನ ವ್ಯವಹಾರ ಶುರುವಾದದ್ದು ಅಮೆರಿಕದ ಜೀವವಿಮಾ ಕಂಪನಿಗಳಿಂದ. ಮೆಟ್ರೊಪಾಲಿಟನ್ ಲೈಫ್ 1943ರಲ್ಲಿ, ಮತ್ತೆ 1959ರಲ್ಲಿ ತೂಕದ ಕೋಷ್ಟಕಗಳನ್ನು ಹೊರತಂದಿತು. ಅದರಲ್ಲಿ ಸಣ್ಣ, ಮಧ್ಯಮ, ದೊಡ್ಡ ಮೈಕಟ್ಟು ಎಂದು ಮೂರು ಸಾಲು. ಯಾರದು ಯಾವ ಮೈಕಟ್ಟು ಎಂದು ಗುರುತಿಸುವ ಸರಿಯಾದ ದಾರಿ ಮಾತ್ರ ಇರಲಿಲ್ಲ. ಈ ಗೊಂದಲದಿಂದ ಬೇಸತ್ತ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 1972ರಲ್ಲಿ ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರ ತೂಕ, ಎತ್ತರ, ಚರ್ಮದ ಮಡಿಕೆಯ ದಪ್ಪ ಎಲ್ಲವನ್ನೂ ಇಟ್ಟುಕೊಂಡು ಬೇರೆಬೇರೆ ಸೂತ್ರಗಳನ್ನು ಹೋಲಿಸಿದರು. ಕ್ವೆಟ್ಲೆಯ ಸೂತ್ರ ಉಳಿದವುಗಳಿಗೆ ಸರಿಸಮ ಅಥವಾ ಅವುಗಳಿಗಿಂತ ಮೇಲು, ಲೆಕ್ಕಕ್ಕೂ ಸುಲಭ ಎಂದು ಆರಿಸಿಕೊಂಡರು. ಬಿಎಂಐ ಎಂಬ ಹೆಸರು ಆಗ ಬಂದದ್ದು. ಗಮನಿಸಿ: ಅಷ್ಟೂ ಜನ ಗಂಡಸರು. ಸಾವಿರಾರು ಜನರನ್ನು ಒಟ್ಟಿಗೆ ಹೋಲಿಸಲು ಅದು ತಕ್ಕ ಅಳತೆಗೋಲು. ಒಬ್ಬನೇ ಒಬ್ಬನನ್ನು ಮುಂದೆ ಕೂರಿಸಿಕೊಂಡು ಅದನ್ನೇ ತೀರ್ಪು ಎಂದು ಓದಿದಾಗ ತೊಂದರೆ ಶುರುವಾಗುತ್ತದೆ.

ಲೆಕ್ಕದಲ್ಲೂ ಒಂದು ಓರೆ ಇದೆ. ಆಕ್ಸ್‌ಫರ್ಡ್‌ನ ಗಣಿತಜ್ಞ ನಿಕ್ ಟ್ರೆಫೆಥನ್ 2013ರಲ್ಲಿ, ವರ್ಗದ ಬದಲು ಎತ್ತರದ 2.5ನೆಯ ಘಾತದಿಂದ ತೂಕವನ್ನು ಭಾಗಿಸಿ 1.3ರಿಂದ ಗುಣಿಸಿ ಎಂದು ಸೂಚಿಸಿದರು. 169 ಸೆಂ.ಮೀ. ಎತ್ತರದವರಿಗೆ ಎರಡೂ ಸೂತ್ರಗಳಲ್ಲಿ ಒಂದೇ ಉತ್ತರ. 155 ಸೆಂ.ಮೀ., 60 ಕೆ.ಜಿ.ಯ ಹೆಂಗಸಿಗೆ ಹಳೆಯ ಲೆಕ್ಕದಲ್ಲಿ 25.0, ಹೊಸದರಲ್ಲಿ 26.1. 185 ಸೆಂ.ಮೀ., 85 ಕೆ.ಜಿ.ಯ ಗಂಡಸಿಗೆ 24.8 ಇದ್ದದ್ದು 23.7ಕ್ಕೆ ಇಳಿಯುತ್ತದೆ. ಅಂದರೆ ಹಳೆಯ ಸೂತ್ರ ಕುಳ್ಳಗಿರುವವರನ್ನು ಸ್ವಲ್ಪ ತೆಳ್ಳಗೂ ಎತ್ತರದವರನ್ನು ಸ್ವಲ್ಪ ದಪ್ಪಗೂ ತೋರಿಸುತ್ತದೆ ಎಂಬುದು ಅವರ ವಾದ. ಆ ಸೂತ್ರ ಆಸ್ಪತ್ರೆಗಳಲ್ಲಿ ಬಳಕೆಗೆ ಬರಲಿಲ್ಲ.

ಹಳ್ಳಿಡಾಕ್ಟರು
ಮಲ್ಲಿಗೆಬನ ಅವರೇ, 22.3 ಎಂಬ ಅಂಕಿ ಕಂಡು ಒಂದು ಚಿತ್ರ ನೆನಪಾಯಿತು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳು ಅಕ್ಕಪಕ್ಕ ನಿಂತ ಫೋಟೊ ಪ್ರಕಟವಾಗಿತ್ತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿರುವ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ನಿಮ್ಮ ಯಜಮಾನರು ಯಾರ ಪಕ್ಕ ನಿಲ್ಲುತ್ತಾರೆ ಎಂಬುದನ್ನು ಆ ಮೂರನೆಯ ಪುಟ ಹೇಳುತ್ತಿದೆ.

ನಮ್ಮ ಜನರಲ್ಲಿ ಕೈಕಾಲು ಸಣಕಲು, ಮಾಂಸಖಂಡ ಕಡಿಮೆ, ಕೊಬ್ಬು ಮಾತ್ರ ಹೊಟ್ಟೆಯೊಳಗೆ ಕರುಳು, ಪಿತ್ತಜನಕಾಂಗಗಳ ಸುತ್ತ ಕೂತಿರುತ್ತದೆ. ಹೊಟ್ಟೆಯೊಳಗಿನ ಈ ಕೊಬ್ಬು ತೊಡೆಯ ಕೊಬ್ಬಿನಂತೆ ತೆಪ್ಪಗಿರುವುದಿಲ್ಲ. ರಕ್ತಕ್ಕೆ ಕೊಬ್ಬಿನಾಮ್ಲಗಳನ್ನು ಬಿಡುತ್ತದೆ, ಇನ್ಸುಲಿನ್ ಮಾತು ನಡೆಯದಂತೆ ಮಾಡುತ್ತದೆ. ತೂಕದ ಯಂತ್ರಕ್ಕೆ ಅದು ಎಲ್ಲಿದೆ ಎಂದು ಗೊತ್ತಾಗುವುದೇ ಇಲ್ಲ.

ಇದು ಹುಟ್ಟಿನಿಂದಲೇ ಬರುವ ಗುಣ ಎಂಬುದಕ್ಕೆ ಪುರಾವೆಗಳಿವೆ. ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಂದಿಗೆ ಹೋಲಿಸಿದರು. ನಮ್ಮ ಕೂಸುಗಳ ತೂಕ, ಸ್ನಾಯು ಎಲ್ಲವೂ ಕಡಿಮೆ. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ಮೈಸೂರಿನದೂ ಒಂದು ಕಥೆ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹೆರಿಗೆಯಾದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಟ್ಟಿತ್ತು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ವರದಿಯಾಯಿತು.

ಆದ್ದರಿಂದಲೇ ಅಧಿಕ ತೂಕಕ್ಕೆ ಎಲ್ಲೆಡೆ ಬಳಸುವ 25ರ ಗಡಿ ನಮಗೆ ತೀರಾ ಸಡಿಲ ಎನಿಸಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ 23 ಮತ್ತು 27.5 ಎಂಬ ಎಚ್ಚರಿಕೆಯ ಗುರುತುಗಳನ್ನು ಸೂಚಿಸಿದರು. ಭಾರತೀಯ ತಜ್ಞರು 2009ರಲ್ಲಿ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು, ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಎಂದರು. ನಿಮ್ಮ ಯಜಮಾನರ ಸೊಂಟವನ್ನು ಅಳೆದು ಇಲ್ಲಿ ಬರೆಯಿರಿ. 6.1 ಎಂದರೆ ಮಧುಮೇಹದ ಹೊಸ್ತಿಲು, 6.5ರಿಂದ ಕಾಯಿಲೆ ಎಂದೇ ಕರೆಯುತ್ತೇವೆ. ಫೈಲನ್ನು ಬೀರುವಿನಿಂದ ತೆಗೆಸಿ.

ಮಲ್ಲಿಗೆಬನ
ಅಳೆದೆ ಡಾಕ್ಟರೇ. 94. ಮೊದಲ ಸಲ 89 ಬಂದಿತ್ತು, ಆಗ ಉಸಿರು ಬಿಗಿಹಿಡಿದಿದ್ದರು. ಮಾತನಾಡಿಸಿ ಉಸಿರು ಬಿಡಿಸಿದ ಮೇಲೆ ನಿಜ ಹೊರಬಂತು.

ಟೇಪುಕೈ
ನಾನು ಹಾವೇರಿ ಕಡೆಯ ಆಶಾ ಕಾರ್ಯಕರ್ತೆ. ಈ ಉಸಿರು ಹಿಡಿಯುವ ಆಟ ನಮಗೆ ದಿನನಿತ್ಯದ್ದು. ಮೂವತ್ತು ದಾಟಿದವರ ಮನೆಮನೆಗೆ ಹೋಗಿ ಕಾಯಿಲೆಯ ಅಪಾಯ ಗುರುತಿಸಲು ನಾವು ತುಂಬುವ ಸಿಬ್ಯಾಕ್ ಎಂಬ ನಮೂನೆಯ ಅಂಕಗಳ ಭಾಗದಲ್ಲಿ ಬಿಎಂಐ ಇಲ್ಲವೇ ಇಲ್ಲ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದುಡಿಮೆ ಅಥವಾ ವ್ಯಾಯಾಮ, ಮನೆತನದ ಕಾಯಿಲೆ, ಇಷ್ಟಕ್ಕೇ ಅಂಕ. ಹೆಂಗಸರ ಸೊಂಟ 80 ಸೆಂ.ಮೀ. ಒಳಗಿದ್ದರೆ ಸೊನ್ನೆ, 81ರಿಂದ 90 ಇದ್ದರೆ ಒಂದು, ಅದನ್ನೂ ಮೀರಿದರೆ ಎರಡು. ಗಂಡಸರಿಗೆ ಹತ್ತು ಸೆಂ.ಮೀ. ಹೆಚ್ಚಿನ ರಿಯಾಯಿತಿ. ಒಟ್ಟು ನಾಲ್ಕನ್ನು ಮೀರಿದರೆ ಅಂಥವರನ್ನು ತಪಾಸಣೆಗೆ ಮೊದಲು ಕಳಿಸಬೇಕು.

ಹೇಳಲು ಸುಲಭ, ಅಳೆಯುವುದು ಕಷ್ಟ. ಅಳೆಯಬೇಕಾದ ಜಾಗ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯ. ಸೀರೆ ಉಟ್ಟವರಿಗೆ ಅಲ್ಲಿಯೇ ಲಂಗದ ಲಾಡಿಯ ಗಂಟು, ನೆರಿಗೆ ಸಿಕ್ಕಿಸಿದ ದಪ್ಪ ಕಟ್ಟು. ಅದರ ಮೇಲೆ ಟೇಪು ಸುತ್ತಿದರೆ ತೆಳ್ಳನೆಯವಳಿಗೂ ಎರಡು ಅಂಕ ಬಂದುಬಿಡುತ್ತದೆ. ಒಳಮನೆಗೆ ಕರೆದುಕೊಂಡು ಹೋಗಿ ನೆರಿಗೆ ಸಡಿಲಿಸಿ, ಸೆರಗನ್ನು ಅವರ ಕೈಯಲ್ಲೇ ಹಿಡಿಸಿ, ಟೇಪು ಹಿಂದುಗಡೆ ಮೇಲೆ ಸರಿದಿಲ್ಲ ತಾನೇ ಎಂದು ಸುತ್ತಿಬಂದು ನೋಡಬೇಕು. ಅತ್ತೆ ಅಲ್ಲಿಯೇ ನಿಂತಿದ್ದರೆ ಸೊಸೆ ಅಳೆಸಿಕೊಳ್ಳುವುದೇ ಇಲ್ಲ. ಗಂಡಸರು ಅಳೆಯಲು ಬಿಡದೆ "ಬರೆದುಕೊಳ್ಳಿ ಅಕ್ಕಾ, ನನ್ನದು 34" ಎಂದು ಪ್ಯಾಂಟಿನ ಅಳತೆ ಹೇಳುತ್ತಾರೆ. ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುವವರ 34 ಇಂಚಿಗೂ ಹೊಟ್ಟೆಗೂ ಏನು ಸಂಬಂಧ? ತೂಕ, ಎತ್ತರಗಳಲ್ಲಿ ಈ ರಗಳೆ ಇಲ್ಲ. ಯಾರು ಅಳೆದರೂ ಒಂದೇ ಉತ್ತರ. ಬಿಎಂಐ ಇಷ್ಟು ಕಾಲ ಬಾಳಿದ್ದಕ್ಕೆ ಇದೂ ಕಾರಣ ಎಂದು ನನ್ನ ಅನಿಸಿಕೆ.

ಅಂಕಿಸಂಖ್ಯೆ
ಟೇಪುಕೈ ಅಕ್ಕನವರ ಮಾತಿಗೆ ಪೂರಕವಾಗಿ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ತೂಕ, ಎತ್ತರಗಳ ಜೊತೆಗೆ ಸೊಂಟ, ಪೃಷ್ಠಗಳ ಸುತ್ತಳತೆಯನ್ನೂ ತೆಗೆದುಕೊಂಡರು. ದೇಶದಲ್ಲಿ ಬಿಎಂಐ 25 ಅಥವಾ ಹೆಚ್ಚಿರುವ ಹೆಂಗಸರು ಶೇ 24. ಸೊಂಟ–ಪೃಷ್ಠದ ಅನುಪಾತ ಅಪಾಯದ ಗೆರೆ ದಾಟಿದವರು ಶೇ 56.7! ಗಂಡಸರಲ್ಲಿ ಶೇ 22.9 ಮತ್ತು 47.7. ಒಂದೇ ಸಮೀಕ್ಷೆ ಎರಡು ಕಡೆಯಿಂದ ನೋಡಿದಾಗ ಸಂಖ್ಯೆ ಇಮ್ಮಡಿ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಎಂಬ ದೇಶವ್ಯಾಪಿ ಮಧುಮೇಹ ಅಧ್ಯಯನದಲ್ಲಿ 25ರ ಗಡಿಯ ಬೊಜ್ಜು ಶೇ 28.6, ಹೊಟ್ಟೆಯ ಬೊಜ್ಜು ಶೇ 39.5. ಬಿಎಂಐ ದಪ್ಪಗಿಲ್ಲದವರನ್ನು ದಪ್ಪ ಎನ್ನುತ್ತದೆ ಎಂದು ಎಲ್ಲರೂ ದೂರುತ್ತಾರೆ. ನಮ್ಮಲ್ಲಿ ಅದರ ದೊಡ್ಡ ಲೋಪ ಬೇರೆ: ಅಪಾಯದಲ್ಲಿರುವವರನ್ನು ಹಸಿರು ಗುರುತು ಹಾಕಿ ಮನೆಗೆ ಕಳಿಸುವುದು.

ಗರಡಿಮನೆ
ತಮ್ಮನ ವಿಷಯಕ್ಕೆ ಬನ್ನಿ. ಸಾಮು ಮಾಡುವವರ ಪಾಲಿಗೆ ಬಿಎಂಐ ಶುದ್ಧ ಅನ್ಯಾಯ. ದಸರಾ ಕುಸ್ತಿಯ ಅಖಾಡಕ್ಕೆ ಇಳಿಯುವ ಜಟ್ಟಿಗಳಲ್ಲಿ ಬಿಎಂಐ 25ರೊಳಗೆ ಇರುವವರನ್ನು ಹುಡುಕಬೇಕಾಗುತ್ತದೆ. ಮಾಂಸಖಂಡದ ತೂಕವನ್ನು ಬೊಜ್ಜಿನ ಲೆಕ್ಕಕ್ಕೆ ಸೇರಿಸಿ ಕಂತು ಏರಿಸುವುದು ಯಾವ ನ್ಯಾಯ?

ಹಳ್ಳಿಡಾಕ್ಟರು
ನಿಮ್ಮ ಮಾತು ಸರಿ, ಆದರೆ ಈ ವಾದವನ್ನು ನನ್ನ ಮುಂದೆ ಮಂಡಿಸುವವರಲ್ಲಿ ಮುಕ್ಕಾಲು ಪಾಲು ಜನ ಗರಡಿಯನ್ನು ಬಿಟ್ಟು ದಶಕ ಕಳೆದವರು. ತಮ್ಮನವರ ಸೊಂಟ ಎಷ್ಟು? 86 ಸೆಂ.ಮೀ. ಒಳಗಿದ್ದರೆ, ಅಂದರೆ ಅವರ ಎತ್ತರದ ಅರ್ಧದೊಳಗೆ, ರಕ್ತದ ವರದಿಯೂ ಸರಿಯಿದ್ದರೆ, 27.4ಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ವಿಮೆಯವರಿಗೆ ಸೊಂಟದ ಅಳತೆ, ರಕ್ತಪರೀಕ್ಷೆಗಳ ಜೊತೆಗೆ ವೈದ್ಯರ ಪತ್ರ ಕೊಟ್ಟು ಮರುಪರಿಶೀಲನೆ ಕೇಳಲಿ. ಕುಸ್ತಿ ಬಿಟ್ಟ ಮೇಲೆ ಅದೇ ಊಟ ಮುಂದುವರಿಸಿದರೆ ಮಾತ್ರ ಕಷ್ಟ.

ಅಡ್ಡಮಾತು
ಗಡಿಯನ್ನು ಬೇಕಾದಂತೆ ಎಳೆಯುವ ಆಟದ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಅಮೆರಿಕದಲ್ಲಿ 1998ರವರೆಗೆ ಗಂಡಸರಿಗೆ 27.8, ಹೆಂಗಸರಿಗೆ 27.3 ಇದ್ದ ಗಡಿಯನ್ನು 25ಕ್ಕೆ ಇಳಿಸಿದರು. ಒಂದು ಗ್ರಾಂ ತೂಕ ಏರದೆ ಕೋಟಿಗಟ್ಟಲೆ ಜನ "ಅಧಿಕ ತೂಕ"ದವರಾದರು. ನಮ್ಮಲ್ಲಿ 23. ಈಗ ತೂಕ ಇಳಿಸುವ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ಮಾರುಕಟ್ಟೆಗೂ ಬಂದಿವೆ, ಅವುಗಳನ್ನು ಯಾರಿಗೆ ಕೊಡಬಹುದು ಎಂಬುದಕ್ಕೂ ಬಿಎಂಐಯೇ ಅರ್ಹತೆ. ಗೆರೆ ಕೆಳಗಿಳಿದಷ್ಟೂ ಗಿರಾಕಿ ಹೆಚ್ಚು.

ಇನ್ನೊಂದು. 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಏಷ್ಯನ್ನರ ಅಧ್ಯಯನ ಬಂತು. ಚೀನಾ, ಜಪಾನ್, ಕೊರಿಯಾಗಳಲ್ಲಿ ತೀರಾ ದಪ್ಪಗಿದ್ದವರೂ ತೀರಾ ತೆಳ್ಳಗಿದ್ದವರೂ ಹೆಚ್ಚು ಸತ್ತರು. ಭಾರತ, ಬಾಂಗ್ಲಾದೇಶಗಳಲ್ಲಿ ತೆಳ್ಳಗಿದ್ದವರು ಮಾತ್ರ. ಹೆಚ್ಚು ಬಿಎಂಐ ಇದ್ದವರಲ್ಲಿ ಸಾವಿನ ಅಪಾಯ ಏರಲೇ ಇಲ್ಲ. ಡಾಕ್ಟರು ಇದಕ್ಕೆ ಏನು ಹೇಳುತ್ತಾರೆ?

ಹಳ್ಳಿಡಾಕ್ಟರು
ಒಳ್ಳೆಯ ಪ್ರಶ್ನೆ. ಅಧ್ಯಯನ ನಿಜ, ಅದರ ಅರ್ಥದ ಬಗ್ಗೆ ನನ್ನದೇ ಓದು ಇದೆ. ನಮ್ಮಲ್ಲಿ ದಪ್ಪಗಿದ್ದವರು ಉಳ್ಳವರಾಗಿದ್ದರು, ಆಸ್ಪತ್ರೆಗೆ ಹೋಗುವ ಶಕ್ತಿ ಇದ್ದವರು. ತೆಳ್ಳಗಿದ್ದವರನ್ನು ಕ್ಷಯ, ಶ್ವಾಸಕೋಶದ ಕಾಯಿಲೆ, ಹಸಿವು ಮೊದಲೇ ಒಯ್ದವು. ಮತ್ತೊಂದು ತೊಡಕೆಂದರೆ ಕಾಯಿಲೆಯೇ ಮನುಷ್ಯನನ್ನು ಸೊರಗಿಸುತ್ತದೆ, ಬೀಡಿ ಸಿಗರೇಟೂ ಸೊರಗಿಸುತ್ತವೆ. ಸೊರಗಿದ್ದರಿಂದ ಸತ್ತನೋ, ಸಾಯುವ ಕಾಯಿಲೆಯಿಂದ ಸೊರಗಿದನೋ ಎಂದು ಬಿಡಿಸುವುದು ಸುಲಭವಲ್ಲ. 2016ರಲ್ಲಿ 239 ಅಧ್ಯಯನಗಳ ಒಂದು ಕೋಟಿಗೂ ಹೆಚ್ಚು ಜನರ ಮಾಹಿತಿಯಲ್ಲಿ, ಧೂಮಪಾನ ಮಾಡದವರನ್ನೂ ಆರಂಭದಲ್ಲಿ ದೀರ್ಘಕಾಲದ ಕಾಯಿಲೆ ಇಲ್ಲದವರನ್ನೂ ಮಾತ್ರ ಇಟ್ಟುಕೊಂಡು ನೋಡಿದರು. ಸಾವು ಅತಿ ಕಡಿಮೆ ಇದ್ದದ್ದು 20ರಿಂದ 25ರ ನಡುವೆ.

ಔಷಧ ಕಂಪನಿಗಳ ವಿಷಯದಲ್ಲಿ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಆದರೆ 2025ರ ಜನವರಿಯಲ್ಲಿ ಲ್ಯಾನ್ಸೆಟ್‌ನ ಆಯೋಗ ಹೇಳಿದ್ದು ನಿಮಗೆ ಹಿಡಿಸಬಹುದು. ಬಿಎಂಐ ಒಂದರಿಂದಲೇ ಬೊಜ್ಜಿನ ರೋಗನಿರ್ಣಯ ಬೇಡ, ಸೊಂಟದ ಅಳತೆಯಿಂದಲೋ ಕೊಬ್ಬನ್ನು ನೇರವಾಗಿ ಅಳೆದೋ ಖಚಿತಪಡಿಸಿಕೊಳ್ಳಿ, ಅಂಗಾಂಗಗಳಿಗೆ ತೊಂದರೆ ಆಗಿದೆಯೋ ಇಲ್ಲವೋ ನೋಡಿ ಬೇರೆಬೇರೆಯಾಗಿ ವಿಂಗಡಿಸಿ ಎಂದರು. 40 ಮೀರಿದವರಿಗೆ ಮಾತ್ರ ಮರು ಅಳತೆ ಬೇಕಿಲ್ಲ.

ಕಡಲತಡಿ
ತೆಳ್ಳಗಿನವರ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ದಕ್ಷಿಣ ಕನ್ನಡದಲ್ಲಿ ಕ್ಷಯ ನಿಯಂತ್ರಣದ ಕೆಲಸ ನನ್ನದು. ನೀವೆಲ್ಲ 23 ಮೇಲೋ 25 ಮೇಲೋ ಎಂದು ಜಗಳವಾಡುತ್ತಿದ್ದೀರಿ. ನಮ್ಮ ರೋಗಿಗಳ ಕಾರ್ಡಿನಲ್ಲಿ 15, 16 ಕಾಣುತ್ತವೆ. ಅಲ್ಲಿ ಈ ಸಂಖ್ಯೆ ಸುಳ್ಳು ಹೇಳುವುದು ಬಹಳ ಕಡಿಮೆ. 18.5ಕ್ಕಿಂತ ಕಡಿಮೆ ಇದ್ದರೆ ದೀರ್ಘಕಾಲದ ಹಸಿವು ಎಂದೂ, 16ಕ್ಕಿಂತ ಕಡಿಮೆಯಾದರೆ ತೀವ್ರ ಎಂದೂ ವಿಂಗಡಿಸುವ ಕ್ರಮ 1980ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಪ್ರಕಾಶ್ ಶೆಟ್ಟಿ ಅವರು ಈ ವಿಷಯದಲ್ಲಿ ಮಾಡಿದ ಕೆಲಸ ದೊಡ್ಡದು.

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರು ಜಾರ್ಖಂಡಿನಲ್ಲಿ ಕ್ಷಯ ರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆ ಕೊಟ್ಟು ನಡೆಸಿದ ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ಪಡಿತರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಸುಮಾರು ಶೇ 40ರಷ್ಟು ಇಳಿಯಿತು. ಈಗ ಸರ್ಕಾರ 18.5ಕ್ಕಿಂತ ಕಡಿಮೆ ಇರುವ ರೋಗಿಗಳಿಗೆ ಹೆಚ್ಚುವರಿ ಪೌಷ್ಟಿಕ ಆಹಾರ ಕೊಡುವುದೂ ಇದೇ ಬಿಎಂಐ ನೋಡಿ. ಕುಟುಂಬ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಶೇ 30ರಷ್ಟು ಜನ 25ರ ಮೇಲಿದ್ದರೆ, ಶೇ 17ರಷ್ಟು ಜನ 18.5ರ ಕೆಳಗಿದ್ದಾರೆ. ಅಡ್ಡಮಾತು ಅವರು ಬುಟ್ಟಿಗೆ ಹಾಕಿ ಎಂದ ಸಂಖ್ಯೆಯೇ ನಮ್ಮಲ್ಲಿ ಕೆಲವರ ಬಾಯಿಗೆ ಅನ್ನ ಸೇರಿಸುತ್ತಿದೆ.

ಅಡ್ಡಮಾತು
ಬುಟ್ಟಿಯ ಮಾತನ್ನು 18.5ರ ಮೇಲಿನವರಿಗೆ ಸೀಮಿತಗೊಳಿಸುತ್ತೇನೆ.

ಲೀಸೆಸ್ಟರ್‌ವಾಸಿ
ಇಲ್ಲಿ ಇಂಗ್ಲೆಂಡಿನಲ್ಲೂ ದಕ್ಷಿಣ ಏಷ್ಯಾ ಮೂಲದವರಿಗೆ 23 ಮತ್ತು 27.5 ಎಂದೇ ಮಾರ್ಗಸೂಚಿ. 2022ರಿಂದ ಅದಕ್ಕೆ ಇನ್ನೊಂದು ಸಲಹೆ ಸೇರಿತು: ಸೊಂಟದ ಸುತ್ತಳತೆ ಎತ್ತರದ ಅರ್ಧದೊಳಗೆ ಇರಲಿ. ಲೆಕ್ಕಯಂತ್ರ ಬೇಡ, ಒಂದು ದಾರ ಸಾಕು. ನನ್ನ ಎತ್ತರಕ್ಕೆ ದಾರ ಕತ್ತರಿಸಿ, ಮಡಿಸಿ, ಸೊಂಟಕ್ಕೆ ಸುತ್ತಿದೆ. ಮುಟ್ಟಲಿಲ್ಲ. ಹೆಂಡತಿ ನಕ್ಕಳು.

ಬಾಲವಾಡಿ
ಮಕ್ಕಳಿಗೂ ಇದೇ ಗಡಿಯೇ? ಎಂಟು ವರ್ಷದ ಮಗಳಿಗೆ 17 ಬಂದಿದೆ, ಮನೆಯವರು ಗಾಬರಿಯಾಗಿದ್ದಾರೆ.

ಹಳ್ಳಿಡಾಕ್ಟರು
ಅಲ್ಲ. ಹದಿನೆಂಟರ ಒಳಗಿನವರಿಗೆ ವಯಸ್ಸು, ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆ ಬೇರೆ ಇದೆ. ದೊಡ್ಡವರಲ್ಲಿ 17 ಎಂದರೆ ಸೊರಗು, ಎಂಟರ ಮಗುವಿನಲ್ಲಿ ಹಾಗಲ್ಲ. ಮಕ್ಕಳ ವೈದ್ಯರಲ್ಲಿ ಭಾರತೀಯ ಮಕ್ಕಳ ನಕ್ಷೆಯ ಮೇಲೆ ಗುರುತು ಹಾಕಿಸಿ.

ಗರಡಿಮನೆ
ಮೊಬೈಲಿಗೆ ಜೋಡಿಸುವ ತೂಕದ ಯಂತ್ರಗಳು ಕೊಬ್ಬಿನ ಶೇಕಡಾವಾರನ್ನೇ ತೋರಿಸುತ್ತವಲ್ಲ, ಅವನ್ನು ನಂಬಬಹುದೇ?

ಅಂಕಿಸಂಖ್ಯೆ
ಅವು ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸಿ, ಮೈಯ ತಡೆಯನ್ನು ಅಳೆದು, ಉಳಿದದ್ದನ್ನು ಸೂತ್ರದಿಂದ ಊಹಿಸುತ್ತವೆ. ಆ ಸೂತ್ರಕ್ಕೆ ನೀವು ತುಂಬಿದ ಎತ್ತರ, ವಯಸ್ಸು, ಲಿಂಗವೂ ಬೇಕು. ನೀರು ಕುಡಿದ ಮೇಲೆ ಒಂದು, ಬೆವರಿದ ಮೇಲೆ ಇನ್ನೊಂದು. ದಿನವೂ ಒಂದೇ ಹೊತ್ತಿಗೆ ನೋಡಿದರೆ ಏರಿಳಿತ ತಿಳಿಯುತ್ತದೆ, ಶೇ 23.4 ಎಂದು ದಶಮಾಂಶ ಸಮೇತ ತೋರಿಸುವ ಠೀವಿಗೆ ಮರುಳಾಗಬೇಡಿ.

ತುಂಗೆಯದಡ
ತಡವಾಗಿ ಸೇರುತ್ತಿದ್ದೇನೆ. ಅಮ್ಮನಿಗೆ 72. ಬಿಎಂಐ 22, "ಈ ವಯಸ್ಸಿಗೆ ಬಹಳ ಚೆನ್ನಾಗಿದೆ" ಎಂದು ತಪಾಸಣಾ ಶಿಬಿರದಲ್ಲಿ ಹೊಗಳಿದರಂತೆ. ಆದರೆ ಬಳೆಗಳು ಮೊಣಕೈವರೆಗೆ ಜಾರುತ್ತಿವೆ, ಕೆಳಗೆ ಕೂತರೆ ಏಳಲು ಗೋಡೆ ಹಿಡಿಯುತ್ತಾರೆ. ತೂಕ ಮಾತ್ರ ವರ್ಷಗಳಿಂದ ಅಷ್ಟೇ.

ಹಳ್ಳಿಡಾಕ್ಟರು
ತೂಕ ಅಷ್ಟೇ ಇದ್ದರೂ ಒಳಗಿನ ಸರಕು ಬದಲಾಗಿರಬಹುದು. ವಯಸ್ಸಾದಂತೆ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬರುತ್ತದೆ. ಬೆನ್ನುಮೂಳೆ ಕುಸಿದು ಎತ್ತರವೂ ಕಡಿಮೆಯಾಗುತ್ತದೆ, ಆಗ ತೂಕ ಇಳಿದರೂ ಬಿಎಂಐ ಹಾಗೆಯೇ ನಿಂತಂತೆ ಕಾಣುತ್ತದೆ. ಇವರ ಮಟ್ಟಿಗೆ ಬಿಎಂಐಯನ್ನು ಪಕ್ಕಕ್ಕಿಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. ಏಷ್ಯಾದ ತಜ್ಞರ 2019ರ ಮಾರ್ಗಸೂಚಿಯ ಪ್ರಕಾರ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಸ್ನಾಯು ಕ್ಷೀಣಿಸಿದೆಯೇ ಎಂದು ನೋಡಬೇಕು. ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೂ ಅಷ್ಟೇ. ಊಟದಲ್ಲಿ ಕಾಳು, ಮೊಸರು, ಒಗ್ಗುವುದಾದರೆ ಮೊಟ್ಟೆ ಎಷ್ಟಿದೆ ಎಂದೂ ಬರೆಯಿರಿ.

ತುಂಗೆಯದಡ
ಮೀನಖಂಡ 30. ಕುರ್ಚಿಯಿಂದ ಮೂರು ಸಲ ಎದ್ದರು, ನಾಲ್ಕನೆಯದಕ್ಕೆ "ನಿನ್ನ ಡಾಕ್ಟರನ್ನೇ ಕೂರಿಸಿ ಏಳಿಸು" ಎಂದು ಬೈದು ಒಳಗೆ ಹೋದರು. ಊಟ ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಅದೇ ಅನ್ನಕ್ಕೆ ಮಜ್ಜಿಗೆ.

ಹಳ್ಳಿಡಾಕ್ಟರು
ಬೈಗುಳ ಸ್ವೀಕರಿಸಿದ್ದೇನೆ. ವಿಟಮಿನ್ ಡಿ, ಥೈರಾಯ್ಡ್, ಸಕ್ಕರೆ, ಮೂಳೆಸಾಂದ್ರತೆ ಪರೀಕ್ಷೆಗಳಿಗೆ ಹತ್ತಿರದ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ತಿಳಿಸಾರಿನ ತಿಳಿ ಬಿಟ್ಟು ತಳದ ಬೇಳೆಯನ್ನು ಅವರ ತಟ್ಟೆಗೆ ಬಡಿಸಿ.